ಜಗಲಿ ಮೇಲಿನ ಸವಾರನ ತವರೂರು

ಇಂಡಿ

ಹಾಲೆಂಡಿಗೆ ಹೊರಟಿದ್ದೇನೆ ಎಂದು ಗೊತ್ತಾದ ದಿನದಿಂದ ನನಗೆ ಕೆಲಸ ಹೇಳುವವರು ಹೆಚ್ಚಾದರು. ನಮ್ಮ ಲಿಂಬೆ ಬೆಳೆಗಾರರ ಸಂಘದಿಂದ ಹನ್ನೆರಡು ಜನ ಹೋಗುತ್ತಿದ್ದೆವು. ಅಲ್ಲಿಯವರು ಹಣ್ಣನ್ನು ವಾರಗಟ್ಟಲೆ ತಂಪಿನಲ್ಲಿ ಹೇಗೆ ಕಾಯ್ದಿಡುತ್ತಾರೆಂದು ನೋಡಿ ಬರುವುದು ನಮ್ಮ ಕೆಲಸ. ಬೀಗರೊಬ್ಬರಿಗೆ ಆ ದೇಶದ ಹೂವಿನ ಗಡ್ಡೆ ಬೇಕಿತ್ತು. ಪಕ್ಕದ ಹೊಲದವನಿಗೆ ಅಲ್ಲಿಯ ಆಕಳಿನ ಫೋಟೊ ಬೇಕಿತ್ತು. ಅದರ ಪಕ್ಕದಲ್ಲಿ ನಾನು ನಿಂತಿರಬಾರದು ಎಂದು ತಾಕೀತು ಬೇರೆ ಮಾಡಿದ್ದ. ನಮ್ಮವ್ವ ನಿಂಬೆವ್ವ ಮಾತ್ರ ಏನೂ ತರಲು ಹೇಳಲಿಲ್ಲ. ಒಂದು ಮಾತು ಕೇಳಿಕೊಂಡು ಬಾ ಎಂದಳು.

"ಕುದುರಿ ಮ್ಯಾಲಿನಾಂವ ಯಾರು ಅಂತ ಅವರನ್ನ ಕೇಳ್ಕೊಂಡು ಬಾ, ಮಲ್ಲೂ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇವರ ಮನೆಯ ಜಗಲಿಯ ಮೇಲೆ ಅಂಗೈಯ ಗುಣಿ ತುಂಬುವಷ್ಟು ಅಗಲದ ಒಂದು ಬೆಳ್ಳಿಯ ಬಿಲ್ಲೆಯಿತ್ತು. ಅದರ ಮೇಲೆ ಓಡುವ ಕುದುರೆ, ಕುದುರೆಯ ಮೇಲೆ ಕತ್ತಿ ಎತ್ತಿದ ಸವಾರ, ಕುದುರೆಯ ಕಾಲ ಕೆಳಗೆ ಒಂದು ಸಣ್ಣ ಪ್ರಾಣಿ. ನಮ್ಮ ಕಡೆಯವರಿಗೆ ಇಷ್ಟು ಕಂಡರೆ ಮತ್ತೇನೂ ಕೇಳುವ ಅಗತ್ಯವಿಲ್ಲ. ಕುದುರೆ, ಕತ್ತಿ, ಕೆಳಗೊಂದು ನಾಯಿ ಎಂದರೆ ಅವನು ಮಲ್ಲಯ್ಯ. ಅವ್ವನ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ಅದನ್ನು ಮಲ್ಲಯ್ಯ ಎಂದೇ ಪೂಜಿಸಿದವರು. ಅವ್ವ ಇಂಗಳೇಶ್ವರದಿಂದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅದು ಅವಳ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಸವಾರನಿಗೆ ಭಂಡಾರ, ಅಂದರೆ ಅರಿಷಿಣ ಪುಡಿ ಹಚ್ಚುತ್ತಿದ್ದಳು. ಒಲೆಯ ಮೇಲಿಂದ ಇಳಿದ ಮೊದಲ ರೊಟ್ಟಿಯ ಒಂದು ಚೂರು ಮುರಿದು ನಾಯಿಯ ಮುಂದೆ ಇಡುತ್ತಿದ್ದಳು. ಆಮೇಲೆ ನಮಗೆ. ಅವಳಿಗೆ ಬಹಳ ದಿನ ಮಕ್ಕಳಾಗದೆ ಈ ಸವಾರನಿಗೆ ಬೇಡಿಕೊಂಡ ಮೇಲೆ ಹುಟ್ಟಿದವನು ನಾನು. ಮಲ್ಲಪ್ಪ ಎಂಬ ಹೆಸರು ಬಂದದ್ದು ಹಾಗೆ.

ಹೋದ ದೀಪಾವಳಿಗೆ ನಮ್ಮ ಅಳಿಯ ಈರಣ್ಣ ಬಂದಿದ್ದ. ಸಿಂದಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾನೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಾಳಿ. ಅವ್ವ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಒಣಗಲು ಇಟ್ಟಿದ್ದ ಬಿಲ್ಲೆಯನ್ನು ಅವನು ಎತ್ತಿ ಹಿಂದೆ ತಿರುಗಿಸಿದ. ನಾವು ಯಾರೂ ಎಂದೂ ಅದರ ಹಿಂಬದಿ ನೋಡಿದವರಲ್ಲ; ದೇವರ ಬೆನ್ನು ನೋಡುವುದು ನಮ್ಮಲ್ಲಿ ಪದ್ಧತಿಯಲ್ಲ.

"ಆಯಿ, ಇದು ದೇವರಲ್ಲ. ಡಚ್ಚರ ಹಳೇ ರೂಪಾಯಿ ಇದು. ಇಲ್ಲಿ ಕಿರೀಟ ಐತಿ ನೋಡ್ರಿ, ಎರಡೂ ಕಡೆ ಸಿಂಹ ಅದಾವ" ಎಂದ.

ಅವ್ವ ಜಗಳಾಡಲಿಲ್ಲ. ಜಗಳಾಡಿದ್ದರೆ ಚೆನ್ನಾಗಿರುತ್ತಿತ್ತು. ಬಿಲ್ಲೆಯನ್ನು ಅರಿವೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ಮೊದಲ ರೊಟ್ಟಿಯ ಚೂರು ಮುರಿದವಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಕೂತಳು, ಕಡೆಗೆ ಮತ್ತೆ ಬುಟ್ಟಿಗೆ ಹಾಕಿದಳು. ಇದು ಒಂದು ದಿನದ ಮಾತಲ್ಲ. ಮೂರು ತಿಂಗಳು ದಿನಾ ನೋಡಿದೆ. ನನಗೆ ಈರಣ್ಣನ ಮೇಲೆ ಸಿಟ್ಟು ಬರುತ್ತಿತ್ತು, ಅವನು ಹೇಳಿದ್ದು ನಿಜವಿರಬಹುದೆಂದು ಇನ್ನೂ ಸಿಟ್ಟು ಬರುತ್ತಿತ್ತು.

"ಮನುಷ್ಯಾ ಆಗಿದ್ರ ಶಿವರಾತ್ರಿಯೊಳಗ ಭೀಮಾ ಹೊಳಿಗೆ ಬಿಟ್ಟು ಬರೂಣು" ಎಂದಳು ಅವ್ವ. ಮುಕ್ಕಾದ ದೇವರನ್ನೂ ಪೂಜೆ ನಿಂತ ದೇವರನ್ನೂ ನಾವು ಹೊಳೆಗೇ ಬಿಡುವುದು. "ಮನುಷ್ಯಾನ್ನ ಜಗಲಿ ಮ್ಯಾಲ ಕುಂದರ್ಸಿ ಕೈ ಮುಗಿಯೂದು ನನಗ ಆಗೂದಿಲ್ಲ. ದೇವರಾಗಿದ್ರ ತಿರುಗಿ ಕುಂದರಸ್ತೇನಿ. ಖರೆ ಏನೈತಿ ಅದನ್ನ ಕೇಳ್ಕೊಂಡು ಬಾ. ನನ್ನ ಮನಸಿಗೆ ಸಮಾಧಾನ ಆಗ್ಲೆಂತ ಏನರ ಹೇಳಬ್ಯಾಡ."

ಹಳೆಯ ವಸ್ತುಗಳನ್ನು ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಒಯ್ಯಲು ಬರುವುದಿಲ್ಲ ಎಂದು ಈರಣ್ಣನೇ ಹೇಳಿದ. ತಾನು ಹಚ್ಚಿದ ಕಿಚ್ಚಿಗೆ ನೀರು ತರುವವನ ಹಾಗೆ ಬಂದು ಎರಡೂ ಕಡೆ ಫೋಟೊ ತೆಗೆದುಕೊಟ್ಟ. ನಾನು ತೆಳ್ಳಗಿನ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದೆ. ಲಿಂಬೆಕಾಯಿಯನ್ನು ಗಾತ್ರದ ಪ್ರಕಾರ ಆರಿಸಲು ನಮ್ಮಲ್ಲಿ ತೂತು ಕೊರೆದ ಹಲಗೆಯಿರುತ್ತದೆ. ದೊಡ್ಡ ಕಾಯಿಯ ತೂತಿನಲ್ಲಿ ಬಿಲ್ಲೆ ಸರಿಯಾಗಿ ಕೂತಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡೂವರೆ ತೊಲೆಗೆ ಚೂರು ಹೆಚ್ಚು ತೂಗಿತು. ಇಷ್ಟನ್ನೂ ಬರೆದುಕೊಂಡೆ. ಹೊರಡುವ ದಿನ ಅವ್ವ ಆ ಅಚ್ಚಿನ ಕಾಗದವನ್ನು ಕೇಳಿ ಇಸಿದುಕೊಂಡು, ದೇವರೋ ಅಲ್ಲವೋ ಇನ್ನೂ ಗೊತ್ತಿಲ್ಲವಾದ್ದರಿಂದ ಎರಡಕ್ಕೂ ನಡೆಯಲಿ ಎಂಬಂತೆ, ಒಂದು ಹಿಡಿ ಭಂಡಾರ ಹಾಕಿ ಗಂಟು ಕಟ್ಟಿಕೊಟ್ಟಳು.

ಮುಂಬೈ

ತಂಡದಲ್ಲಿ ಮುದ್ದೇಬಿಹಾಳದವರು ಇಬ್ಬರಿದ್ದರು, ಬಾಗೇವಾಡಿಯವರು ಒಬ್ಬರು, ಉಳಿದವರು ನಮ್ಮ ಸುತ್ತಿನವರೇ. ನನಗೆ ಜೊತೆಯಾದವನು ಆಲಮೇಲದ ಲಾಲಸಾಬ. ಕಬ್ಬು ಬೆಳೆಯುವವನು, ಈಚೆಗೆ ಎರಡೆಕರೆ ಲಿಂಬೆ ಹಚ್ಚಿದ್ದಾನೆ. ನನಗಿಂತ ನಾಲ್ಕೈದು ವರ್ಷ ಸಣ್ಣವನು, ನನ್ನನ್ನು ಅಣ್ಣಾ ಎನ್ನುತ್ತಾನೆ. ಹೊಳೆಯ ಈ ದಂಡೆಯಲ್ಲಿ ನಿಂತು ಆ ದಂಡೆಯವರ ಜೊತೆ ಮಾತಾಡಿ ಬೆಳೆದವನು. ಅವನ ದನಿ ಹಾಗೇ ಉಳಿದುಬಿಟ್ಟಿದೆ.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ತಡೆದರು. ಅರಿವೆಯ ಗಂಟು ಬಿಚ್ಚಿದಾಗ ಹಳದಿ ಪುಡಿ ಮೇಜಿನ ಮೇಲೆಲ್ಲ ಚೆಲ್ಲಿತು. ಕಾವಲಿನ ಮನುಷ್ಯ ಬೆರಳಿಗೆ ಒಂದಿಷ್ಟು ಹಚ್ಚಿ ಮೂಸಿ, "ಭಂಡಾರಾ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಹೌದೆಂದೆ. ಅವನು ಅಕ್ಕಪಕ್ಕ ನೋಡಿ, ಬೆರಳಿನಲ್ಲಿದ್ದದ್ದನ್ನು ಹಣೆಗೆ ಹಚ್ಚಿಕೊಂಡು, ಗಂಟು ಕಟ್ಟಿ ಕೊಟ್ಟ. ಅವನ ಊರಿನಲ್ಲಿ ಇದೇ ಸವಾರನ ಹೆಸರು ಖಂಡೋಬಾ.

"ನಿಮ್ಮ ದೇವರಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ ಬಿಡ್ರಿ ಅಣ್ಣಾ" ಎಂದ ಲಾಲಸಾಬ.

"ದೇವರೋ ಏನೋ, ಅದನ್ನ ಕೇಳಾಕ ಅಂತನ ಹೊಂಟೇನಿ" ಎಂದೆ. ಆಗ ಅವನಿಗೆ ಎಲ್ಲ ಕತೆ ಹೇಳಿದೆ. ಅವನು ವಿಮಾನ ಏರುವವರೆಗೂ ಮಾತಾಡಲಿಲ್ಲ. ಲಾಲಸಾಬನ ಮಟ್ಟಿಗೆ ಅದು ದೊಡ್ಡ ಸಂಗತಿ.

ರಾಟರ್ಡ್ಯಾಮ್

ಇಳಿದ ಮರುದಿನ ಬೆಳಿಗ್ಗೆ ನನ್ನ ಹಾಸಿಗೆಯ ಬಿಳಿ ಚಾದರ ಮದುವೆಯ ಅರಿಷಿಣ ಹಚ್ಚಿ ಮುಗಿದ ಮನೆಯ ಚಾದರದಂತೆ ಆಗಿತ್ತು. ಗಂಟನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ. ಕೋಣೆ ಗುಡಿಸಲು ಬಂದ ಹೆಂಗಸಿಗೆ ಕೈಸನ್ನೆಯಲ್ಲಿ ಕ್ಷಮೆ ಕೇಳಿದೆ. ಆಕೆ ನನ್ನ ಮುಖವನ್ನೂ ಚಾದರವನ್ನೂ ನೋಡಿ ವೈದ್ಯರನ್ನು ಕರೆಯಲೇ ಎಂದು ಕೇಳಿದಳು. ನನಗೆ ಕಾಮಣಿ, ಅಂದರೆ ಕಾಮಾಲೆ, ಆಗಿದೆ ಎಂದುಕೊಂಡಿರಬೇಕು.

ತಂಪಿನ ಗೋದಾಮುಗಳನ್ನು ನೋಡಿದೆವು. ನಮ್ಮ ಇಂಡಿ ಪೇಟೆ ಹತ್ತು ಸಲ ಹಿಡಿಯುವಷ್ಟು ದೊಡ್ಡವು, ಆದರೆ ಒಳಗೆ ಮನುಷ್ಯರೇ ಇಲ್ಲ, ಕೂಗೂ ಇಲ್ಲ. ಸಮುದ್ರ ದಾಟಿ ಬಂದ ಲಿಂಬೆ ಅಲ್ಲಿ ಪೆಟ್ಟಿಗೆಯೊಳಗೆ ಒಂದೇ ಅಳತೆಯಲ್ಲಿ ಕೂತಿತ್ತು, ಸಾಲಿನಲ್ಲಿ ಕೂಡಿಸಿದ ಶಾಲೆಯ ಮಕ್ಕಳ ಹಾಗೆ. ಲಾಲಸಾಬ ಒಂದನ್ನು ಉಗುರಿನಿಂದ ಗೀರಿ ಮೂಸಿ, "ವಾಸನಿನ ಇಲ್ಲಲ್ಲರಿ ಇದಕ್ಕ" ಎಂದು ನಮ್ಮ ಗೈಡ್ ಹುಡುಗಿಯ ಎದುರೇ ಹೇಳಿದ. ಆಕೆಗೆ ಕನ್ನಡ ಬರದಿದ್ದರೂ ಮುಖ ನೋಡಿ ಅರ್ಥವಾಯಿತು. ಬೇಜಾರಾಗಲಿಲ್ಲ. ಈ ದೇಶದಲ್ಲಿ ಅನಿಸಿದ್ದನ್ನು ಮುಖಕ್ಕೆ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಬೆಂಗಳೂರಿನಲ್ಲಿ ನಮ್ಮ ಮಾತು ಕೇಳಿದವರು ನಾವು ಜಗಳಕ್ಕೆ ಬಂದಿದ್ದೇವೆ ಎಂದುಕೊಳ್ಳುತ್ತಾರೆ. ಇಲ್ಲಿ ನಮಗೆ ಆ ತೊಂದರೆ ಬರಲಿಲ್ಲ.

ತೊಂದರೆ ಬಂದದ್ದು ಊಟದಲ್ಲಿ. ಮಧ್ಯಾಹ್ನ ಇವರು ತಣ್ಣನೆಯ ಬ್ರೆಡ್ಡಿಗೆ ಚೀಸ್ ಇಟ್ಟು ತಿಂದು ಎದ್ದುಬಿಡುತ್ತಾರೆ. ಗೋದಾಮಿನ ಮುಖ್ಯಸ್ಥರು, ತಲೆ ನರೆತವರು, ಬ್ರೆಡ್ಡಿನ ಮೇಲೆ ಚಾಕಲೇಟಿನ ಕಾಳು ಉದುರಿಸಿಕೊಂಡು ಗಂಭೀರವಾಗಿ ತಿಂದರು. ಚಹಾದ ಹೊತ್ತಿಗೆ ಬಿಸ್ಕೀಟಿನ ಡಬ್ಬಿ ಬಂತು. ಎಲ್ಲರೂ ಒಂದೊಂದು ತೆಗೆದುಕೊಂಡ ಕೂಡಲೇ ಮುಚ್ಚಳ ಬಿತ್ತು. ನಮ್ಮ ಮನೆಯಲ್ಲಿ ಬಂದವರ ತಾಟಿಗೆ ಬೇಡ ಬೇಡ ಎಂದರೂ ಸುರಿಯುವುದನ್ನು ನೆನೆದು ನಾವು ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾತ್ರಿ ಎಲ್ಲರ ಚೀಲಗಳಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಹೊರಗೆ ಬಂದವು.

ಬಿಲ್ಲೆಯ ಬಗ್ಗೆ ಯಾರನ್ನು ಕೇಳಬೇಕೆಂದು ಗೈಡ್ ಹುಡುಗಿಗೆ ಫೋಟೊ ತೋರಿಸಿ ವಿಚಾರಿಸಿದೆ. ಆಕೆ ನಾಲ್ಕು ಕಡೆ ಫೋನು ಮಾಡಿ, ಮಿಡಲ್‌ಬರ್ಗ್ ಎಂಬ ಊರಿನಲ್ಲಿ ಹಳೆಯ ನಾಣ್ಯಗಳ ಸಣ್ಣ ಸಂಗ್ರಹವೊಂದಿದೆ, ಅದನ್ನು ನೋಡಿಕೊಳ್ಳುವ ಅನ್ನೆಕೆ ಎಂಬ ಹಿರಿಯ ಹೆಂಗಸು ಗುರುವಾರ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸಿಗುತ್ತಾರೆ ಎಂದಳು. ಹತ್ತಕ್ಕೂ ಅಲ್ಲ, ಹತ್ತೂವರೆಗೂ ಅಲ್ಲ. ಗುರುವಾರ ನಮ್ಮ ತಂಡ ಹೂವಿನ ಹರಾಜು ನೋಡಲು ಹೋಗುವುದಿತ್ತು. ಹೂವು ಬಿಟ್ಟೆ. ಲಾಲಸಾಬನೂ ಬಿಟ್ಟ.

ರೈಲು

ಮಿಡಲ್‌ಬರ್ಗ್ ಸಮುದ್ರದ ಕಡೆಗಿದೆ. ದಾರಿಯುದ್ದಕ್ಕೂ ನೀರು, ನೀರಿಗೆ ಕಟ್ಟಿದ ಒಡ್ಡು, ಒಡ್ಡಿನ ಕೆಳಗೆ ಹೊಲ. ಹೊಲಗಳಿರುವುದು ಸಮುದ್ರಕ್ಕಿಂತ ತಗ್ಗಿನಲ್ಲಿ. ನಾವು ಬೋರ್ ಮೇಲೆ ಬೋರ್ ಹಾಕಿ ನೀರು ಮೇಲೆತ್ತಲು ಒದ್ದಾಡುತ್ತೇವೆ, ಇವರು ಪಂಪು ಹಚ್ಚಿ ನೀರು ಹೊರಗೆ ಚೆಲ್ಲಲು ಒದ್ದಾಡುತ್ತಾರೆ. ಇದನ್ನು ಲಾಲಸಾಬ ಮನೆಗೆ ಫೋನು ಮಾಡಿ ಹೇಳಿದ. ಆಲಮೇಲಕ್ಕೆ ಫೋನಿಲ್ಲದೆಯೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

ಎದುರಿನ ಮುದುಕ ಎದ್ದು ಬಂದು ಕಿಟಕಿಯ ಗಾಜಿನ ಮೇಲೆ ಬರೆದಿದ್ದ ಒಂದು ಪದವನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಇಂಗ್ಲಿಷಿನಲ್ಲಿ, "ಇದು ಮೌನದ ಡಬ್ಬಿ" ಎಂದ. ಮಾತಾಡದೆ ಕೂರುವವರಿಗಾಗಿಯೇ ರೈಲಿನಲ್ಲಿ ಬೇರೆ ಡಬ್ಬಿ ಇಟ್ಟಿದ್ದಾರೆ ಎಂಬುದು ನಮಗೆ ಹೇಗೆ ಗೊತ್ತಿರಬೇಕು? ವಿಜಯಪುರದ ರೈಲಿನಲ್ಲಿ ಮಾತಾಡದೆ ಕೂತವನಿಗೆ ಏನಾಗಿದೆ ಎಂದು ಹತ್ತು ಜನ ಕೇಳುತ್ತಾರೆ. ನಾವು ಬಾಯಿ ಮುಚ್ಚಿ ಮುಂದಿನ ಡಬ್ಬಿಗೆ ನಡೆದೆವು. ಅಲ್ಲಿ ಕೂಡ ಯಾರೂ ಮಾತಾಡುತ್ತಿರಲಿಲ್ಲ.

ಮಿಡಲ್‌ಬರ್ಗ್

ನಲವತ್ತು ನಿಮಿಷ ಮೊದಲೇ ಬಾಗಿಲಿಗೆ ಹೋಗಿ ನಿಂತೆವು. ಒಳಗೆ ದೀಪವಿತ್ತು, ಪರದೆಯಿಲ್ಲದ ದೊಡ್ಡ ಕಿಟಕಿಯಲ್ಲಿ ಒಬ್ಬ ಹೆಂಗಸು ಕಾಣುತ್ತಿದ್ದಳು. ಆಕೆಗೂ ನಾವು ಕಾಣುತ್ತಿದ್ದೆವು. ಫೆಬ್ರವರಿಯ ಗಾಳಿ ಜಿಟಿಜಿಟಿ ಮಳೆಯ ಜೊತೆ ಅಡ್ಡಡ್ಡ ಬೀಸುತ್ತಿತ್ತು. ಆಕೆ ಕೈಯೆತ್ತಿ ನಮಸ್ಕರಿಸಿ ಮತ್ತೆ ತನ್ನ ಕೆಲಸಕ್ಕೆ ತೊಡಗಿದಳು. ಸರಿಯಾಗಿ ಹತ್ತು ಇಪ್ಪತ್ತಕ್ಕೆ ಬಾಗಿಲು ತೆರೆದು, "ಒದ್ದೆಯಾಗಿದ್ದೀರಿ" ಎಂದಳು. ನನಗೆ ಒಳಗೊಳಗೇ ಕುದಿಯಿತು. ಆದರೆ ಆಕೆ ನಮ್ಮ ಸ್ವೆಟರುಗಳನ್ನು ತಾನೇ ಇಸಿದುಕೊಂಡು ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಒಣಹಾಕಿದ್ದನ್ನು ನೋಡಿ ಸಿಟ್ಟು ಇಳಿಯಿತು.

ಅನ್ನೆಕೆಗೆ ಎಪ್ಪತ್ತರ ಹತ್ತಿರ ವಯಸ್ಸು. ಬಿ.ಎ. ಓದುವಾಗ ಕಲಿತ ನನ್ನ ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು, ಆಕೆ ನಿಧಾನವಾಗಿ ಮಾತಾಡಿದಳು. ಅಚ್ಚಿನ ಕಾಗದ ಬಿಚ್ಚಿದಾಗ ಭಂಡಾರ ಆಕೆಯ ಮೇಜಿನ ಮೇಲೂ ಉದುರಿತು. ಇದೇನೆಂದು ಕೇಳಿದಳು. ಅರಿಷಿಣ ಎಂದೆ. ಒರೆಸಲು ಹೋದವಳು ಏನನ್ನಿಸಿತೋ ಹಾಗೇ ಬಿಟ್ಟಳು.

ನಾನು ಫೋನಿನ ಫೋಟೊದಲ್ಲಿ ಅಳಿದುಳಿದ ಅಕ್ಷರ ತೋರಿಸಲು ಹೋದೆ. "ಮೊದಲು ಅಕ್ಷರ ನೋಡಬೇಡಿ" ಎಂದಳು. "ನಾಣ್ಯದ ಮೇಲೆ ಮೊದಲು ಸಾಯುವುದು ಅಕ್ಷರ. ಅಗಲ ಎಷ್ಟು, ತೂಕ ಎಷ್ಟು, ಅದನ್ನು ಹೇಳಿ." ಲಿಂಬೆಯ ಹಲಗೆಯಲ್ಲಿ ಅಳತೆ ಮಾಡಿದ್ದನ್ನು ಹೇಳಿದೆ. ಆಕೆಗೆ ಆ ಹಲಗೆಯ ಮೇಲೆಯೇ ಆಸಕ್ತಿ ಹುಟ್ಟಿ ಅದರ ಚಿತ್ರ ಬರೆಸಿಕೊಂಡಳು. ಆಮೇಲೆ ಖಾನೆಗಳಿಂದ ಒಂದೊಂದೇ ನಾಣ್ಯ ತೆಗೆದು, ಅಂಚನ್ನು ಮಾತ್ರ ಹಿಡಿದು, ಅಚ್ಚಿನ ಪಕ್ಕದಲ್ಲಿಟ್ಟಳು. ಮೊದಲನೆಯದು ಸಣ್ಣ ತಾಮ್ರದ್ದು, ಪೂರ್ವ ದೇಶಗಳಿಗೆ ಹಡಗು ಕಳಿಸುತ್ತಿದ್ದ ಕಂಪನಿಯ ಮೂರಕ್ಷರ ಒಂದರೊಳಗೊಂದು ಹೆಣೆದದ್ದು. ಅದಲ್ಲ. ಎರಡನೆಯದು ಚಿನ್ನದ್ದು, ನಿಂತ ಯೋಧನ ಕೈಯಲ್ಲಿ ಬಾಣಗಳ ಕಟ್ಟು. ಅದೂ ಅಲ್ಲ. ಮೂರನೆಯದು ದೊಡ್ಡ ಬೆಳ್ಳಿಯದು, ಸಿಂಹದ ಗುರಾಣಿಯ ಹಿಂದೆ ನಿಂತ ಯೋಧ. "ಇವನಿಗೂ ಕುದುರೆಯಿಲ್ಲ. ನಿಮ್ಮವನು ಬೇರೆ" ಎಂದಳು.

ಆಮೇಲೆ ಫೋನಿನಲ್ಲಿ ಕುದುರೆಯ ಕಾಲ ಕೆಳಗಿನ ಪ್ರಾಣಿಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ಇದೇ ನಿಮ್ಮ ನಾಣ್ಯದ ಊರಿನ ಗುರುತು. ಆಗ ಇಲ್ಲಿ ಏಳು ಪ್ರಾಂತ್ಯಗಳಿದ್ದವು. ಯಾವ ಪ್ರಾಂತ್ಯದಲ್ಲಿ ಅಚ್ಚಾಯಿತೋ ಅದರ ಸಣ್ಣ ಗುರಾಣಿಯನ್ನು ಕುದುರೆಯ ಕೆಳಗೆ ಹಾಕುತ್ತಿದ್ದರು. ಇದು ಅರ್ಧ ನೀರಿನಿಂದ ಮೇಲೆದ್ದ ಸಿಂಹ. ನಮ್ಮ ಈ ಪ್ರಾಂತ್ಯದ್ದು. ಈ ಊರಿನ ಟಂಕಸಾಲೆಯಲ್ಲೇ ಅಚ್ಚಾಗಿದೆ."

ನನ್ನ ಕಾಲ ಕೆಳಗಿನ ನೆಲವೇ ಅವನ ಊರು ಎಂದಂತಾಯಿತು. "ನಮ್ಮವ್ವ ಅದನ್ನು ನಾಯಿ ಎಂದು ದಿನಾ ರೊಟ್ಟಿ ಹಾಕುತ್ತಿದ್ದಳು" ಎಂದೆ. ಅನ್ನೆಕೆ ನಗಲಿಲ್ಲ. ಯಾವ ಹಿಟ್ಟಿನ ರೊಟ್ಟಿ ಎಂದು ಕೇಳಿದಳು.

"ಕುದುರೆ ಮೇಲಿನವನು ಯಾರು?" ಎಂದು ಕೇಳಿಯೇಬಿಟ್ಟೆ.

"ಯಾರೂ ಅಲ್ಲ" ಎಂದಳು ಆಕೆ. "ಸುತ್ತಲಿನ ದೇಶದವರು ನಾಣ್ಯದ ಮೇಲೆ ತಮ್ಮ ರಾಜನ ಮುಖ ಹಾಕಿ ಹೆಸರು ಬರೆಯುತ್ತಿದ್ದರು. ನಮ್ಮ ಏಳು ಪ್ರಾಂತ್ಯಕ್ಕೆ ರಾಜನಿರಲಿಲ್ಲ. ಒಬ್ಬ ಸವಾರನನ್ನು ಹಾಕಿದರು. ಸುತ್ತಲಿನ ಅಕ್ಷರ ಪೂರ್ತಿ ಇರುವ ನಾಣ್ಯವೂ ನನ್ನ ಹತ್ತಿರ ಇದೆ, ಅದರಲ್ಲಿ ಬೆಳ್ಳಿಯ ಹೊಸ ನಾಣ್ಯ ಎಂದಿದೆ, ಪ್ರಾಂತ್ಯದ ಹೆಸರಿದೆ. ಇವನ ಹೆಸರಿಲ್ಲ. ಅವನು ಇಂಥವನು ಎಂದು ಯಾರಾದರೂ ಹೇಳಿಯಾರು, ನಾನು ಹೇಳಲಾರೆ."

ಹಾಗೆಂದು ಎದ್ದು ಇನ್ನೊಂದು ಖಾನೆ ಎಳೆದಳು. ಒಳಗೆ ಅವನೇ ಇದ್ದ. ಒಬ್ಬನಲ್ಲ, ಸಾಲು ಸಾಲು. ನಾನು ಹುಟ್ಟಿದಾಗಿನಿಂದ ನೋಡಿದ ಸವಾರನಿಗೆ ಮುಖವಿರಲಿಲ್ಲ; ಮುಖದ ಜಾಗದಲ್ಲಿ ನುಣ್ಣನೆಯ ಉಬ್ಬು ಮಾತ್ರ. ಇವನಿಗೆ ಮುಖವಿತ್ತು. ಮೂಗಿತ್ತು, ಶಿರಸ್ತ್ರಾಣದ ಮೇಲೆ ಗರಿಯಿತ್ತು, ಕುದುರೆಯ ಕುತ್ತಿಗೆಯ ಕೂದಲು ಎಳೆ ಎಳೆಯಾಗಿ ಹಾರುತ್ತಿತ್ತು. ನಮ್ಮ ಮನೆಯ ಹೆಂಗಸರ ಹೆಬ್ಬೆರಳು, ಹುಣಸೆಹಣ್ಣು, ಬೂದಿ ಮುಟ್ಟುವ ಮೊದಲು ಅವನು ಹೀಗಿದ್ದ. ನಾನು ಯಾವಾಗ ಬೂಟು ಕಳಚಿದೆನೋ ನನಗೇ ತಿಳಿಯದು. ಕೈ ಮುಗಿದುಕೊಂಡು ನಿಂತಿದ್ದೆ, ಕಣ್ಣು ತುಂಬಿತ್ತು. ತಲೆ ಹೊರಳಿಸಿದರೆ ಲಾಲಸಾಬನೂ ಬೂಟು ಬಿಚ್ಚಿ ನಿಂತಿದ್ದ.

"ನೀ ಯಾಕ ಬಿಚ್ಚಿದ್ಯೋ?" ಎಂದೆ.

"ನಿಮ್ಮ ಮನ್ಯಾನ ಹಿರ್ಯಾರಲ್ಲರಿ ಅಣ್ಣಾ. ಹಿರ್ಯಾರ ಮುಂದ ಬೂಟ್ ಹಾಕ್ಕೊಂಡು ನಿಂದ್ರಬಾರದು" ಎಂದ.

ಅನ್ನೆಕೆ ನಮ್ಮ ನಾಲ್ಕು ಒದ್ದೆ ಕಾಲುಚೀಲಗಳನ್ನು ನೋಡಿದಳು. ಖಾನೆಯನ್ನು ಮುಚ್ಚದೆ ಹಾಗೇ ಬಿಟ್ಟು ಕಾಫಿ ಮಾಡಲು ಹೋದಳು.

ಕಾಫಿಯ ಜೊತೆ ಒಂದೊಂದೇ ಬಿಸ್ಕೀಟು ಬಂತು. ನಾವು ಲಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿ ಕೊಟ್ಟೆವು. ಬೆರಳದ್ದಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, "ಉಪ್ಪು ಬಹಳವಾಯಿತು" ಎಂದಳು. "ಈಕಿ ನಮ್ಮ ಕಡಿಯಾಕಿನ ಬಿಡ್ರಿ" ಎಂದ ಲಾಲಸಾಬ.

ನಾನು ಮಾತಿಗೊಮ್ಮೆ ಡಚ್ಚರು, ಡಚ್ಚರು ಎನ್ನುತ್ತಿದ್ದೆ. ನಾವು ನಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ ಎಂದಳು ಅನ್ನೆಕೆ. ಇವರ ದೇಶದ ಹೆಸರಿಗೆ ತಗ್ಗಿನ ನಾಡು ಎಂದು ಅರ್ಥ. ಹಾಲೆಂಡ್ ಎಂಬುದು ಅದರ ಒಂದು ಭಾಗ ಮಾತ್ರ. ಇಡೀ ಕರ್ನಾಟಕವನ್ನು ವಿಜಯಪುರ ಎಂದು ಕರೆದ ಹಾಗೆ. ಇನ್ನು ಡಚ್ ಎಂಬುದು ಸಮುದ್ರದಾಚೆಯ ಇಂಗ್ಲಿಷರ ಬಾಯಲ್ಲಿ ಉಳಿದ ಹೆಸರು. ಹಿಂದೆ ಓದುಬರಹ ಬಲ್ಲವರ ಭಾಷೆ ಲ್ಯಾಟಿನ್. ಹೊಲದಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಜನ ಆಡುವ ಮಾತಿಗೆ ಬೇರೊಂದು ಪದವಿತ್ತು, ಅದರ ಅರ್ಥ ಜನರದ್ದು ಎಂದಷ್ಟೇ. ಜರ್ಮನ್ನರು ಇವತ್ತಿಗೂ ತಮ್ಮನ್ನು ಕರೆದುಕೊಳ್ಳುವುದು ಆ ಪದದಿಂದಲೇ. ಇಂಗ್ಲಿಷರು ಮೊದಲು ಆ ಕಡೆಯ ಎಲ್ಲರನ್ನೂ ಡಚ್ ಎನ್ನುತ್ತಿದ್ದರು, ಬರಬರುತ್ತ ತಮಗೆ ಹತ್ತಿರದವರಿಗೆ ಮಾತ್ರ ಅದು ಉಳಿಯಿತು. ನಮ್ಮ ಪ್ರಾಥಮಿಕ ಶಾಲೆಯ ಮಾಸ್ತರರು ಇವರನ್ನು ವಲಂದೇಜರು ಎನ್ನುತ್ತಿದ್ದರು ಎಂದು ನಾನು ಹೇಳಿದೆ. ಅದನ್ನು ಆಕೆ ಬರೆದುಕೊಂಡಳು.

ಜನರ ಮಾತು ಎಂಬುದೇ ಒಂದು ನಾಡಿನವರ ಹೆಸರಾದದ್ದು ನನಗೆ ಬಹಳ ಇಷ್ಟವಾಯಿತು. ನಮ್ಮ ಸವಾರನೂ ನೆನಪಾದ. ಮುಂಬೈಯ ಕಾವಲುಗಾರನಿಗೆ ಅವನು ಖಂಡೋಬಾ, ನಮಗೆ ಮಲ್ಲಯ್ಯ, ನಮಗಿಂತ ದಕ್ಷಿಣದವರಿಗೆ ಮೈಲಾರ. ಇದರಲ್ಲಿ ಯಾವ ಹೆಸರನ್ನೂ ಅವನ ಬಾಯಿಂದ ಕೇಳಿದವರಿಲ್ಲ. ಕರೆಯುವವರು ಇಟ್ಟದ್ದೇ ಎಲ್ಲ.

ಹೊರಡುವಾಗ ಅನ್ನೆಕೆ ಎರಡು ಮಾತು ಹೇಳಿದಳು. ಒಂದು, ಇನ್ನು ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಎರಡು, ಇಲ್ಲಿಂದ ಪೂರ್ವಕ್ಕೆ ಹೋದ ಬೆಳ್ಳಿಯಲ್ಲಿ ಬಹುಪಾಲು ಅಲ್ಲಿ ಕರಗಿ ಬೇರೆ ನಾಣ್ಯವಾಯಿತು. "ನಿಮ್ಮದು ಉಳಿದದ್ದು ಯಾರೋ ಅದನ್ನು ಹಣ ಎಂದುಕೊಳ್ಳಲಿಲ್ಲವಾದ್ದರಿಂದ" ಎಂದಳು.

ತಿರುಗಿ ಬರುವಾಗ ಲಾಲಸಾಬ ತಾನಾಗಿಯೇ ದನಿ ತಗ್ಗಿಸಿ, "ಅಣ್ಣಾ, ದೊಡ್ಡವ್ವಗ ದೇವರಂತ ಹೇಳಿಬಿಡ್ರಿ. ಒಂದ್ ಸುಳ್ಳಿನಾಗ ಏನ್ ಹೊಕ್ಕೈತಿ?" ಎಂದ. ಹೇಳಬೇಕೆಂದು ನನಗೂ ಇತ್ತು. ಆದರೆ ಸಮಾಧಾನಕ್ಕೆ ಏನಾದರೂ ಹೇಳಬೇಡ ಎಂದು ಅವ್ವ ಮೊದಲೇ ಕಟ್ಟು ಹಾಕಿದ್ದಳು. ನನ್ನನ್ನು ಚೆನ್ನಾಗಿ ಬಲ್ಲವಳು.

ಮತ್ತೆ ಇಂಡಿ

ಮನೆ ಮುಟ್ಟಿದಾಗ ಬೆಳಗಿನ ರೊಟ್ಟಿಯ ಹೊತ್ತು. ಶಿವರಾತ್ರಿಗೆ ನಾಲ್ಕು ದಿನ ಉಳಿದಿತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು. ಪ್ರಯಾಣ ಹೇಗಾಯಿತೆಂದು ಕೇಳಲಿಲ್ಲ.

"ಕೇಳಿದೇನು?"

"ಕೇಳಿದೆ ಯವ್ವಾ" ಎಂದು ಎಲ್ಲವನ್ನೂ ಹೇಳಿದೆ. ಅದು ನಾಣ್ಯವೇ ಎಂದೆ. ಯಾವ ಊರಿನಲ್ಲಿ ಅಚ್ಚಾಯಿತೆಂದು ಹೇಳಿದೆ. ಕೆಳಗಿರುವುದು ನಾಯಿಯಲ್ಲ, ನೀರಿನಿಂದ ಏಳುವ ಸಿಂಹ ಎಂದೆ. ಜೊತೆಯವೆಲ್ಲ ಕುಲುಮೆಯಲ್ಲಿ ಕರಗಿದವು, ಇದೊಂದು ಉಳಿಯಿತು ಎಂದೆ. ಅವಳು ತಟ್ಟುತ್ತಿದ್ದ ರೊಟ್ಟಿಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು.

"ಕುದುರಿ ಮ್ಯಾಲಿನಾಂವ?"

"ಅವರಿಗೂ ಗೊತ್ತಿಲ್ಲ ಯವ್ವಾ. ಅಂವಗ ಅಲ್ಲಿ ಹೆಸರಿಲ್ಲ."

ಫೋನಿನಲ್ಲಿ ಖಾನೆಯ ಸವಾರನ ಫೋಟೊ ತೆಗೆದು ಅವಳ ಮುಂದೆ ಹಿಡಿದೆ. ಅವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಮಾರಿ ಐತಲ್ಲೋ ಇಂವಗ. ಎಲ್ಲಾ ನಾವ ತಿಕ್ಕಿ ತಿಕ್ಕಿ ಸವಿಸೀವಿ" ಎಂದಳು. ಆಮೇಲೆ, "ಅಲ್ಲಿ ಇವರನ್ನ ಯಾರರ ಮುಟ್ಟತಾರೇನು?"

"ಅಂಚಿಗಷ್ಟ ಹಿಡೀತಾರ. ಮಾರಿ ಮುಟ್ಟೂದಿಲ್ಲ."

"ದೀಪಾ?"

"ಇಲ್ಲ. ಖಾನ್ಯಾಗ ಇಟ್ಟು ಮುಚ್ಚತಾರ."

"ಹೆಸರಿಟ್ಟು ಕರದಾವ್ರೂ ಇಲ್ಲ?"

"ಇಲ್ಲ ಯವ್ವಾ."

ಅವಳು ಎದ್ದಳು. ಗೂಡಿನಿಂದ ಗಂಟು ತೆಗೆದು ಬಿಚ್ಚಿದಳು. ಹುಣಸೆಹಣ್ಣಿನ ಭರಣಿಯ ಕಡೆ ಕೈ ಹೋದದ್ದು ಅರ್ಧಕ್ಕೆ ನಿಂತಿತು, ನಾನು ಹೇಳಿದ್ದು ನೆನಪಾಗಿರಬೇಕು. ಬರಿ ನೀರಿನಲ್ಲಿ ತೊಳೆದು, ಸೆರಗಿನಿಂದ ಒತ್ತಿ ಒರೆಸಿ, ಜಗಲಿಯ ಮೇಲೆ ಅವನ ಜಾಗದಲ್ಲಿ ಕೂರಿಸಿ, ಮುಖವಿಲ್ಲದ ಮುಖಕ್ಕೆ ಭಂಡಾರ ಹಚ್ಚಿದಳು. ನನಗೆ ಮೂರು ತಿಂಗಳು ಎದೆಯ ಮೇಲಿದ್ದ ಭಾರ ಇಳಿಯಿತು.

ಆಮೇಲೆ ತಟ್ಟಿದ್ದ ಮೊದಲ ರೊಟ್ಟಿಯನ್ನು ಬೇಯಿಸಿ, ಚೂರು ಮುರಿದು, ಕುದುರೆಯ ಕಾಲ ಕೆಳಗೆ ಇಡಲು ಬಾಗಿದಳು. ನಾನು ಸುಮ್ಮನಿರಬೇಕಿತ್ತು.

"ಯವ್ವಾ, ಅದು ನಾಯಿ ಅಲ್ಲ. ಸಿಂಹಾ ಅಂತ ಹೇಳಿದ್ನೆಲ್ಲ."

ಅವ್ವ ರೊಟ್ಟಿಯ ಚೂರನ್ನು ಇಟ್ಟು ನನ್ನ ಕಡೆ ತಿರುಗಿದಳು.

"ಸಿಂಹಾ ಆತಂತ ಉಪವಾಸ ಕೆಡವಲೇನು?"